ಏನೂ ಸೇರಿಸದ ಪೆಟ್ಟಿಗೆ

ಪ್ಯಾಸಿವ್ ಪ್ರೀಆಂಪ್ಲಿಫೈಯರ್‌ನ ಮುಚ್ಚಳ ತೆಗೆದರೆ ನೋಡಲು ಹೆಚ್ಚೇನೂ ಇರುವುದಿಲ್ಲ. ಸಿಡಿ ಪ್ಲೇಯರೋ ಇನ್ನೊಂದೋ ಎಂದು ಆರಿಸಿಕೊಳ್ಳಲು ಒಂದು ಸ್ವಿಚ್, ದನಿ ತಗ್ಗಿಸಲು ಒಂದು ಪೊಟೆನ್ಶಿಯೋಮೀಟರ್, ಹಿಂಬದಿಯಲ್ಲಿ ನಾಲ್ಕಾರು ಸಾಕೆಟ್, ನಡುವೆ ಒಂದಿಷ್ಟು ತಂತಿ. ಸಾಮಾನ್ಯವಾಗಿ ಟ್ರಾನ್ಸಿಸ್ಟರ್ ಇಲ್ಲ, ವಾಲ್ವ್ ಇಲ್ಲ, ಗೋಡೆಯ ಪ್ಲಗ್ಗಿಗೆ ಹೋಗುವ ವೈರೂ ಇಲ್ಲ. ಪೆಟ್ಟಿಗೆಯ ಬಹುಪಾಲು ಖಾಲಿ. ತೂಕ ಹೆಚ್ಚಿದಷ್ಟೂ ಬೆಲೆ ಹೆಚ್ಚುವ ದುಬಾರಿ ಆಡಿಯೋ ಲೋಕದಲ್ಲಿ ಈ ಖಾಲಿತನಕ್ಕೂ ಒಳ್ಳೆಯ ಬೆಲೆ ಕೊಡುವವರಿದ್ದಾರೆ. ಅವರು ಕೊಳ್ಳುತ್ತಿರುವುದು ಏನನ್ನು?

ಸಾಹಿತ್ಯ ಓದುವವರಿಗೆ ಈ ಪ್ರಶ್ನೆ ಹೊಸದಲ್ಲ. ಕೃತಿಗೂ ಓದುಗರಿಗೂ ನಡುವೆ ನಿಲ್ಲುವ ಅನುವಾದಕರಿಂದ, ಸಂಪಾದಕರಿಂದ, ವಿಮರ್ಶಕರಿಂದ ನಾವು ಬಯಸುವುದೂ ಇದನ್ನೇ: ನಡುವೆ ಇರಬೇಕು, ಆದರೆ ಕಾಣಿಸಬಾರದು.

ಈ ಪೆಟ್ಟಿಗೆಯ ಆಕರ್ಷಣೆಯನ್ನು ಬರೀ ಭ್ರಮೆ ಎಂದು ತಳ್ಳಿಹಾಕುವಂತಿಲ್ಲ. ಎಲ್.ಪಿ. ರೆಕಾರ್ಡಿನ ಕಾಲದಲ್ಲಿ ಪ್ರೀಆಂಪ್ ಇಲ್ಲದೆ ನಡೆಯುತ್ತಲೇ ಇರಲಿಲ್ಲ. ಸೂಜಿಯಿಂದ ಬರುವ ಸಿಗ್ನಲ್ ಕೆಲವೇ ಮಿಲಿವೋಲ್ಟ್. ಅದನ್ನು ಹಿಗ್ಗಿಸಬೇಕು, ಜೊತೆಗೆ ರೆಕಾರ್ಡ್ ಕೊರೆಯುವಾಗ ತಗ್ಗಿಸಿದ ಮಂದ್ರವನ್ನೂ ಏರಿಸಿದ ತಾರವನ್ನೂ 1954ರ ಆರ್‌ಐಎಎ ಮಾನದಂಡದಂತೆ ಮತ್ತೆ ಸಮ ಮಾಡಬೇಕು. 1982ರಲ್ಲಿ ಸಿಡಿ ಬಂತು. ಸಿಡಿ ಪ್ಲೇಯರ್‌ಗಳು ಸಾಮಾನ್ಯವಾಗಿ 2 ವೋಲ್ಟ್‌ನಷ್ಟು ಸಿಗ್ನಲ್ ಕೊಡುತ್ತವೆ. ಎಷ್ಟೋ ಪವರ್ ಆಂಪ್‌ಗಳು ಪೂರ್ತಿ ಬಲದಲ್ಲಿ ನುಡಿಯಲು ಅಷ್ಟೇ ಸಾಕು, ಕೆಲವಕ್ಕೆ ಅದರ ಅರ್ಧವೂ ಸಾಕು. ಅಂದರೆ ಈಗ ಬೇಕಾದದ್ದು ಹಿಗ್ಗಿಸುವುದಲ್ಲ, ತಗ್ಗಿಸುವುದು. ಆದರೂ ಮಾಮೂಲಿ ಪ್ರೀಆಂಪ್ ಮೊದಲು ತಗ್ಗಿಸಿ, ಆಮೇಲೆ ಮತ್ತೆ ಹಿಗ್ಗಿಸುತ್ತದೆ. ಹೀಗೆ ಹಿಗ್ಗಿಸುವ ಪ್ರತಿ ಹಂತವೂ ತನ್ನದೊಂದಿಷ್ಟು ಗೊರಗೊರ, ಒಂದಿಷ್ಟು ವಿರೂಪ ಸೇರಿಸುತ್ತದೆ. ಬೇಡದ ಹಂತವನ್ನು ಕಿತ್ತುಹಾಕಿದರೆ ತಪ್ಪೇನು ಎನ್ನುವುದು ಪ್ಯಾಸಿವ್ ಪಕ್ಷದವರ ವಾದ. ವಾದ ಗಟ್ಟಿಯಾಗಿಯೇ ಇದೆ.

ತಕರಾರು ಶುರುವಾಗುವುದು ಈ ಲೆಕ್ಕಾಚಾರ ‘ಶುದ್ಧತೆ’ಯ ಮಾತಾದಾಗ. ಕೇಳುಗರು ಪರದೆ ಸರಿದಂತಾಯಿತು ಅನ್ನುತ್ತಾರೆ, ಗಾಯಕಿ ಕೋಣೆಯೊಳಗೇ ಬಂದು ಕೂತಂತಾಯಿತು ಅನ್ನುತ್ತಾರೆ. ಎರಡು ಉಪಕರಣಗಳ ದನಿಯ ಮಟ್ಟವನ್ನು ಅಳೆದು ಸಮ ಮಾಡದೆ ಹೋಲಿಸಿದರೆ ತುಸು ಜೋರಾಗಿರುವುದೇ ಹೆಚ್ಚು ಸ್ಪಷ್ಟ ಅನ್ನಿಸಿಬಿಡುತ್ತದೆ. ಇಂಥ ಮಾತುಗಳನ್ನು ತೂಗುವಾಗ ಇದು ನೆನಪಿರಬೇಕು.

ಇನ್ನೊಂದು ತೊಡಕು ಸರ್ಕ್ಯೂಟಿನೊಳಗೇ ಇದೆ. 10,000 ಓಮ್‌ನ ಪೊಟೆನ್ಶಿಯೋಮೀಟರ್ ಸಿಗ್ನಲ್ಲನ್ನು ಅರ್ಧಕ್ಕೆ ಇಳಿಸಿದಾಗ, ಮುಂದಿನ ಕೇಬಲ್ ಎದುರಿಸುವ ತಡೆ ಸುಮಾರು 2,500 ಓಮ್. ಪೊಟೆನ್ಶಿಯೋಮೀಟರ್ 1,00,000 ಓಮ್‌ನದಾದರೆ ಆ ತಡೆ 25,000 ಓಮ್. ಕೇಬಲ್‌ಗೂ ಒಂದಿಷ್ಟು ಕೆಪಾಸಿಟೆನ್ಸ್ ಇರುತ್ತದೆ. ಮೀಟರಿಗೆ 100 ಪಿಕೋಫ್ಯಾರಡ್ ಎಂದುಕೊಂಡರೆ 5 ಮೀಟರಿಗೆ 500. ಈ ಎರಡೂ ಕೂಡಿದಾಗ ತಾರದ ದನಿಗಳು ಸೋರತೊಡಗುತ್ತವೆ. 10,000 ಓಮ್‌ನ ಲೆಕ್ಕದಲ್ಲಿ ಸಿಗ್ನಲ್ 3 ಡೆಸಿಬೆಲ್ ಕುಸಿಯುವುದು ಸುಮಾರು 1,27,000 ಹರ್ಟ್ಸ್‌ನಲ್ಲಿ. ಮನುಷ್ಯರ ಕಿವಿ 20,000ಕ್ಕೇ ನಿಲ್ಲುವುದರಿಂದ ಚಿಂತೆಯಿಲ್ಲ. 1,00,000 ಓಮ್‌ನ ಲೆಕ್ಕದಲ್ಲಿ ಅದೇ ಕುಸಿತ 12,700ರ ಹೊತ್ತಿಗೇ ಆಗಿಬಿಡುತ್ತದೆ. ಹಾಗಂತ ಪೊಟೆನ್ಶಿಯೋಮೀಟರ್ ಚಿಕ್ಕದು ಮಾಡುತ್ತ ಹೋದರೆ ಅಷ್ಟೂ ಭಾರ ಹಿಂದಿರುವ ಪ್ಲೇಯರ್ ಮೇಲೆ ಬೀಳುತ್ತದೆ. ಏನೂ ಮಾಡದ ಪೆಟ್ಟಿಗೆ ತನ್ನ ಪಾಲಿನ ಕೆಲಸವನ್ನು ಅಕ್ಕಪಕ್ಕದವರಿಗೆ ಹಂಚಿರುತ್ತದೆ, ಅಷ್ಟೇ.

ಈ ವಿಷಯದಲ್ಲಿ ನನಗೆ ಮೆಚ್ಚುಗೆಯಾದ ‘ವಿಮರ್ಶೆ’ ಒಂದು ಸರ್ಕ್ಯೂಟಿನ ರೂಪದಲ್ಲಿದೆ. ಅಮೆರಿಕದ ವಿನ್ಯಾಸಕಾರ ನೆಲ್ಸನ್ ಪಾಸ್ 2008ರಲ್ಲಿ ಬಿ1 ಎಂಬ ಬಫರ್ ಪ್ರಕಟಿಸಿದರು. ಅದು ಸಿಗ್ನಲ್ಲಿನ ವೋಲ್ಟೇಜನ್ನು ಹೆಚ್ಚಿಸುವುದಿಲ್ಲ. ಆದರೆ ಕೇಬಲ್ ದಾಟಿ ಹೋಗಲು ಬೇಕಾದ ಕಸುವನ್ನು ಒದಗಿಸುತ್ತದೆ. ಪ್ಯಾಸಿವ್‌ನವರ ಆಸೆಯನ್ನು ಅದು ಒಪ್ಪುತ್ತದೆ, ಅವರ ನಂಬಿಕೆಯನ್ನು ತಿದ್ದುತ್ತದೆ. ಸೇರಿಸುವುದು ಬೇರೆ, ಹೊತ್ತು ದಾಟಿಸುವುದು ಬೇರೆ. ಸೇರಿಸದೆ ಇರಬಹುದು, ಹೊರುವ ಕೆಲಸವನ್ನಂತೂ ಯಾರಾದರೂ ಮಾಡಲೇಬೇಕು.

ನಾನು ಈ ಪೆಟ್ಟಿಗೆಯ ಬಗ್ಗೆ ಇಷ್ಟು ಯೋಚಿಸುವುದು ಇದಕ್ಕಾಗಿಯೇ. ಸಂಶೋಧನಾ ವಿದ್ಯಾರ್ಥಿಗಳಿಗೆ ‘ಪಠ್ಯವೇ ಮಾತಾಡಲಿ’ ಎಂಬ ಸಲಹೆ ಆಗಾಗ ಸಿಗುತ್ತದೆ. ಅನುವಾದ ಓದಿದವರು ‘ಅನುವಾದ ಅನ್ನಿಸಲೇ ಇಲ್ಲ’ ಎಂದು ಹೊಗಳುತ್ತಾರೆ. ಲಾರೆನ್ಸ್ ವೆನುಟಿ 1995ರಲ್ಲಿ ಅನುವಾದಕರ ಅದೃಶ್ಯತೆಯ ಬಗ್ಗೆಯೇ ಪುಸ್ತಕ ಬರೆದರು. ಸರಾಗ ಓದಿನ ಹಿಂದೆ ಅನುವಾದಕರ ದುಡಿಮೆ ಮರೆಯಾಗಿಬಿಡುತ್ತದೆ ಎನ್ನುವುದು ಅವರ ಮುಖ್ಯ ಆಕ್ಷೇಪ. ಮರೆಯಾದ ದುಡಿಮೆಗೆ ಮುಖಪುಟದಲ್ಲಿ ಹೆಸರೂ ಸಿಗುವುದು ಕಷ್ಟ, ತಕ್ಕ ಸಂಭಾವನೆಯೂ ಕಷ್ಟ. ನಮ್ಮಲ್ಲಿ ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ (1926) ನೋಡಿ. ಆ ಪದ್ಯಗಳು ಕನ್ನಡಕ್ಕೆ ದಾಟಿದ್ದು ಕವಿ ಕೈಕಟ್ಟಿ ನಿಂತದ್ದರಿಂದಲ್ಲ; ಅವಕ್ಕೆ ಇಲ್ಲಿ ನಿಲ್ಲಬಲ್ಲ ಹೊಸ ಲಯಗಳನ್ನು ಕಟ್ಟಿಕೊಟ್ಟದ್ದರಿಂದ.

ಹಾಗಾದರೆ ಪ್ಯಾಸಿವ್ ಪ್ರೀಆಂಪ್ ಬೇಡವೇ? ಖಂಡಿತ ಬೇಕು, ಅದಕ್ಕೆ ಹೊಂದುವ ಮನೆಯಲ್ಲಿ. ಪ್ಲೇಯರ್ ಗಟ್ಟಿಯಾಗಿದ್ದು, ಕೇಬಲ್ ಮೀಟರಿನಷ್ಟಿದ್ದು, ಪವರ್ ಆಂಪ್ ಕಡಿಮೆ ವೋಲ್ಟೇಜಿಗೇ ಓಗೊಡುವಂಥದ್ದಾದರೆ ಅಲ್ಲಿ ಇನ್ನೊಂದು ಹಂತ ಬರೀ ಆಡಂಬರ. ಅಂಥ ಕಡೆ ಸುಮ್ಮನಿರುವುದು ಒಳ್ಳೆಯ ತೀರ್ಮಾನ. ಅದನ್ನು ಎಲ್ಲ ಕಡೆಗೂ ಅನ್ವಯಿಸುವ ಸದ್ಗುಣವೆಂದು ಮಾರುವುದಕ್ಕೆ ಮಾತ್ರ ನನ್ನ ವಿರೋಧ. ಕೊಳ್ಳುವ ಮನಸ್ಸಿದ್ದವರು ಮೊದಲು ಮನೆಯ ಕೇಬಲ್ ಎಷ್ಟು ಉದ್ದವಿದೆ ಎಂದು ಅಳೆದು ನೋಡಲಿ.