ನಿಧಾನದ ಮೂಲ ಹುಡುಕುವ ಬಗೆ

ಹ್ಯಾಸ್ಕೆಲ್ ಪ್ರೋಗ್ರಾಮಿಂಗ್ ಭಾಷೆ ಬಳಸುವವರ ಹಳೆಯ ದೂರು ಒಂದೇ: ಒಂದು ಸಾಲು ತಿದ್ದಿದರೂ ಕಂಪೈಲ್ ಮುಗಿಯುವ ತನಕ ಕಾದು ಕೂರಬೇಕು. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಜಿಎಚ್‌ಸಿ ಕಂಪೈಲರ್ ಮೇಲಿನ ಈ ದೂರು ನಿಜ. ಆದರೆ ನಿಧಾನವೆಂದು ಬಯ್ದರೆ ಸಾಲದು. ನಿಧಾನದ ಮೂಲ ಹುಡುಕಲು ಅದೇ ಕಂಪೈಲರ್ ಎಷ್ಟು ನೆರವಾಗುತ್ತದೆ ಎಂಬುದನ್ನೂ ತೂಗಿ ನೋಡಬೇಕು.

ಬಹಳ ಜನ ಮೊದಲು ಶಂಕಿಸುವುದು ಟೈಪ್ ಪರಿಶೀಲನೆಯನ್ನು. ಎಷ್ಟೋ ಸಲ ಹೊತ್ತು ತಿನ್ನುವುದು ಅದರ ನಂತರದ ಆಪ್ಟಿಮೈಸೇಶನ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗಬಾರದೆಂದರೆ ಅಳೆಯಲೇಬೇಕು. ‘ಡಿಶೋ-ಪಾಸಸ್’ ಆಯ್ಕೆ ಕೊಟ್ಟರೆ ಪ್ರತಿ ಹಂತಕ್ಕೆ ಹಿಡಿದ ಸಮಯ, ಬಳಕೆಯಾದ ಮೆಮೊರಿ ಎರಡೂ ಸಿಗುತ್ತವೆ. ಪ್ರೋಗ್ರಾಂ ‘ಕೋರ್’ ಎಂಬ ಒಳಭಾಷೆಗೆ ಇಳಿದ ಮೇಲೆ ಅದರಲ್ಲಿರುವ ಟರ್ಮ್, ಟೈಪ್, ಕೊಯರ್ಶನ್‌ಗಳ (ಎರಡು ಟೈಪ್ ಸಮವೆಂಬ ಪುರಾವೆಗಳ) ಎಣಿಕೆಯೂ ಸಿಗುತ್ತದೆ.

ಈ ಸಲಕರಣೆಯ ನಿಜವಾದ ಬೆಲೆ ಇರುವುದು ಆ ಎಣಿಕೆಯಲ್ಲಿ. ಸಮಯ ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತದೆ, ಎಣಿಕೆ ಹಾಗಲ್ಲ. ಸಿಂಪ್ಲಿಫೈಯರ್ ಹಂತದಲ್ಲಿ ಟರ್ಮ್‌ಗಳು ಏಕಾಏಕಿ ಉಬ್ಬಿದರೆ ಇನ್‌ಲೈನ್ ಆದ, ಅಂದರೆ ಕರೆದ ಜಾಗದಲ್ಲೇ ಒಡಲು ತುಂಬಿಸಿದ ಫಂಕ್ಷನ್‌ಗಳನ್ನು ನೋಡಬೇಕು. ಟರ್ಮ್ ಕಡಿಮೆಯಿದ್ದು ಕೊಯರ್ಶನ್ ಮಿತಿಮೀರಿದ್ದರೆ ಟೈಪ್ ಫ್ಯಾಮಿಲಿಗಳನ್ನು ಶಂಕಿಸಬೇಕು. ದೊಡ್ಡ ರೆಕಾರ್ಡುಗಳ ಗುಟ್ಟೂ ಇಲ್ಲೇ ಬಯಲಾಗುತ್ತದೆ. 100 ಫೀಲ್ಡಿನ ರೆಕಾರ್ಡ್ ಬರೆದರೆ ಕಂಪೈಲರ್ 100 ಸೆಲೆಕ್ಟರ್ ಫಂಕ್ಷನ್ ಹುಟ್ಟಿಸುತ್ತದೆ. ಒಂದೊಂದು ಸೆಲೆಕ್ಟರೂ 100 ಫೀಲ್ಡುಗಳನ್ನೂ ಬಿಚ್ಚಿ ಒಂದನ್ನು ಆರಿಸಿಕೊಳ್ಳುತ್ತದೆ. ನಾವು ಬರೆದದ್ದು 100 ಸಾಲು, ಕೋರ್‌ನಲ್ಲಿ ಕೂತದ್ದು 10,000 ಹೆಸರು.

ಕೊರತೆಯೂ ಇಲ್ಲೇ ಇದೆ. ಲೆಕ್ಕವೆಲ್ಲ ಇಡೀ ಮಾಡ್ಯೂಲಿನದು. ಯಾವ ಸಾಲು ಈ ಹೊರೆ ಹೊರಿಸಿತು ಎಂದು ಅದು ಬೆರಳಿಟ್ಟು ತೋರಿಸುವುದಿಲ್ಲ. ಆಮೇಲೆ ಉಳಿಯುವುದು ಕೋರ್ ಕಡತವನ್ನು ಸುರಿದುಕೊಂಡು ಓದುವ, ಇಲ್ಲವೇ ಅರ್ಧರ್ಧ ಕೋಡ್ ತೆಗೆದು ಮತ್ತೆ ಮತ್ತೆ ಅಳೆಯುವ ದಾರಿ. ಪಳಗಿದವರಿಗೆ ಇದು ಸಾಧ್ಯ. ಟೈಪ್ ತಪ್ಪಾದರೆ ಸಾಲು, ಅಕ್ಷರ ಸಮೇತ ಹೇಳುವ ಕಂಪೈಲರ್, ಹೊಸಬರನ್ನು ನಿಧಾನದ ವಿಷಯದಲ್ಲಿ ಮಾತ್ರ ನಡುದಾರಿಯಲ್ಲಿ ಬಿಡುವುದು ನ್ಯಾಯವಲ್ಲ.

ಹಾಗಾಗಿ ನನ್ನ ತೀರ್ಮಾನ: ಜಿಎಚ್‌ಸಿ ಕೊಡುವ ಲೆಕ್ಕ ನಂಬಲರ್ಹ, ಆದರೆ ಅರೆಬರೆ. ಅದು ಮೂಲ ಸಾಲಿನವರೆಗೆ ಕೊಂಡೊಯ್ಯುವಂತಾಗಬೇಕು. ಅಲ್ಲಿಯವರೆಗೆ, ‘ಇನ್‌ಲೈನ್’ ಸೂಚನೆ ಬರೆಯುವ ಮುನ್ನ ಒಮ್ಮೆ, ಬರೆದ ಮೇಲೆ ಒಮ್ಮೆ ಕೋರ್‌ನ ಗಾತ್ರ ನೋಡಿಕೊಳ್ಳಿ.