ಚೌಕದ ಮೂಲೆಯ ಸಣ್ಣ ಅಂಕಿ

ಕದ್ರಿಯ ಮನೆಗಳಲ್ಲಿ ಗೋಡೆಗೆ ತೂಗುವ ಕ್ಯಾಲೆಂಡರು ಒಂದೇ ಚೌಕದಲ್ಲಿ ಮೂರು ನಾಲ್ಕು ಲೆಕ್ಕ ಹೇಳುತ್ತದೆ. ದಪ್ಪಕ್ಷರದ ಇಂಗ್ಲಿಷ್ ತಾರೀಕು, ಕೆಳಗೆ ತಿಥಿ ನಕ್ಷತ್ರ, ಕೆಲವದರಲ್ಲಿ ಹಿಜರಿ ದಿನ, ಚರ್ಚಿನ ಹಬ್ಬ. ಸೌರಮಾಸದ ದಿನ ಮಾತ್ರ ಕನ್ನಡಕ ಹಾಕಿದರೂ ಕಷ್ಟಪಟ್ಟು ಕಾಣುವಷ್ಟು ಸಣ್ಣಗೆ ಮೂಲೆ ಹಿಡಿದಿರುತ್ತದೆ. ತುಳುನಾಡಿನ ವರ್ಷ ನಡೆಯುವುದು ಆ ಅಂಕಿಯ ಮೇಲೆ. ಶಾಲೆಯಲ್ಲಿ ಕಲಿಸುವುದಾದರೋ ಯಾವ ತಿಂಗಳಿಗೆ ಮೂವತ್ತು, ಯಾವುದಕ್ಕೆ ಮೂವತ್ತೊಂದು ಎಂಬಷ್ಟನ್ನೇ.

ಲೆಕ್ಕ ಕಷ್ಟದ್ದಲ್ಲ. ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುವುದು ಸಂಕ್ರಮಣ. ಅದರ ಮರುದಿನದಿಂದ ಹೊಸ ತಿಂಗಳ ಎಣಿಕೆ. ಏಪ್ರಿಲ್ ನಡುವಿನ ಬಿಸುವಿಗೆ ಪಗ್ಗು, ಆಮೇಲೆ ಬೇಶ, ಕಾರ್ತೆಲ್, ಆಟಿ. ಮೇ 14ಕ್ಕೆ ಸಂಕ್ರಮಣವಾದರೆ 24ಕ್ಕೆ ಬೇಶದ ಹತ್ತನೇ ದಿನ, ಅಂದರೆ ಪತ್ತನಾಜೆ. ಅಂದಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳೂ ನಿಲ್ಲುತ್ತವೆ. ತಿಥಿಯನ್ನಷ್ಟೇ ನೋಡಿ ಕೂತವನಿಗೆ ಇದು ಎಂದೂ ಸಿಗದು.

ಆದರೂ ಒಂದೇ ಸಾಲನ್ನು ಓದಿದರೆ ಓದು ಮುಗಿಯಲಿಲ್ಲ. ಆಟಿ ಅಮಾವಾಸ್ಯೆಯನ್ನೇ ನೋಡಿ: ತಿಂಗಳು ಸೂರ್ಯನದು, ಅಮಾವಾಸ್ಯೆ ಚಂದ್ರನದು. 2023ರಲ್ಲಿ ಜುಲೈ 17ಕ್ಕೊಂದು, ಆಗಸ್ಟ್ 16ಕ್ಕೊಂದು ಅಮಾವಾಸ್ಯೆ ಬಂತು. ಮೊದಲನೆಯದು ಸಂಕ್ರಮಣದ ದಿನವೇ, ಎರಡನೆಯದು ಮುಂದಿನ ಸಂಕ್ರಮಣದ ಹಿಂದಿನ ದಿನ. ಆಟಿ ಅಮಾವಾಸ್ಯೆಗೆಂದು ಕುಡಿಯುವ ಹಾಲೆ ಮರದ ಕಷಾಯವನ್ನು ಯಾವತ್ತು ಕುಡಿಯಬೇಕು? ಚೌಕದೊಳಗೆ ಎರಡೂ ಕಡೆ 'ಅಮಾವಾಸ್ಯೆ' ಎಂದು ಬರೆದರೆ ಉತ್ತರ ಸಿಗುವುದಿಲ್ಲ. ಆ ಎರಡರ ನಡುವೆ ಸೂರ್ಯ ರಾಶಿಯನ್ನೇ ದಾಟಲಿಲ್ಲ, ಆದ್ದರಿಂದಲೇ ಅದು ಅಧಿಕ ಶ್ರಾವಣವಾಯಿತು ಎಂಬ ಒಂದು ವಾಕ್ಯ ಪುಟದಡಿಯಲ್ಲಿ ಇದ್ದಿದ್ದರೆ ಓದುವವರಿಗೆ ಗೊಂದಲದ ಕಾರಣವಾದರೂ ತಿಳಿಯುತ್ತಿತ್ತು. ಜಾಹೀರಾತಿಗೆ ಅಲ್ಲಿ ಬೇಕಾದಷ್ಟು ಜಾಗವಿರುತ್ತದೆ.

2025ರಲ್ಲಿಯೂ ಹಾಗೇ. ಊರೆಲ್ಲ ಆಗಸ್ಟ್ ನಡುವಿನಲ್ಲಿ ಕೃಷ್ಣಾಷ್ಟಮಿ ಆಚರಿಸಿದರೆ ಉಡುಪಿಯ ಕೃಷ್ಣಮಠದಲ್ಲಿ ಸೆಪ್ಟೆಂಬರ್ 14ಕ್ಕೆ. ಮಠದವರದ್ದು ಸಿಂಹಮಾಸದ ಅಷ್ಟಮಿ; ಆಗಸ್ಟಿನ ಅಷ್ಟಮಿ ಬಂದಾಗ ಸೂರ್ಯ ಇನ್ನೂ ಕರ್ಕಾಟಕದಲ್ಲಿದ್ದ. ಕ್ಯಾಲೆಂಡರಿನಲ್ಲಿ ಎರಡೂ ಕಡೆ 'ಜನ್ಮಾಷ್ಟಮಿ' ಎಂದಿದ್ದರೆ ನೋಡಿದವರು ಮುದ್ರಣದೋಷವೆಂದೇ ತಿಳಿಯುತ್ತಾರೆ.

ಕದ್ರಿಗೆ ಈ ಎಣಿಕೆ ಹೊಸದಲ್ಲ. ಮಂಜುನಾಥ ದೇವಸ್ಥಾನದ ಲೋಕೇಶ್ವರ ಕಂಚಿನ ಮೂರ್ತಿಯ ಪೀಠದಲ್ಲಿ ಆಳುಪ ಅರಸ ಕುಂದವರ್ಮನ ಶಾಸನವಿದೆ. ಕಲಿಯುಗದ 4068 ವರ್ಷ ಕಳೆದು, ಮೇಲೆ ಒಂಬತ್ತು ತಿಂಗಳೂ ಕಳೆದಿತ್ತು ಎಂದು ಅದು ಕಾಲ ಹೇಳುತ್ತದೆ. ಕ್ರಿಸ್ತಶಕಕ್ಕೆ ತರಲು 3101 ಕಳೆದರೆ 967. ಒಂಬತ್ತು ತಿಂಗಳು ಮುಂದೆ ಹೋದರೆ 968ರ ಜನವರಿ. ಬರೀ ವರ್ಷದ ಅಂಕಿ ಓದಿದವನು ಒಂದು ವರ್ಷ ತಪ್ಪುತ್ತಾನೆ. ಮೇಷದಿಂದ ಎಣಿಸಿದರೆ ಒಂಬತ್ತು ತಿಂಗಳು ಮುಗಿಯುವುದು ಮಕರಕ್ಕೆ, ಇದೇ ದೇವಸ್ಥಾನದ ಜಾತ್ರೆಗೆ ಕೊಡಿ ಏರುವ ಹೊತ್ತಿಗೆ. ಎರಡಕ್ಕೂ ಸಂಬಂಧವಿದೆ ಎಂದು ನಾನು ವಾದಿಸುವುದಿಲ್ಲ. ಆದರೆ ಆ ಶಾಸನ ಬರೆದವನಿಗೆ ಓದುವವನ ಮೇಲೆ ಇದ್ದ ನಂಬಿಕೆ ಇಂದಿನ ಪ್ರಕಾಶಕರಿಗೆ ಇಲ್ಲ ಎನ್ನಬಲ್ಲೆ. ಆತ ಲೆಕ್ಕ ಕೊಟ್ಟು ದಿನ ಹುಡುಕಿಕೊಳ್ಳಲು ಬಿಟ್ಟ. ಇವರು ದಿನ ಕೊಟ್ಟು ಲೆಕ್ಕವನ್ನು ಮುಚ್ಚಿಡುತ್ತಾರೆ.

ಮೊಬೈಲ್ ಪಂಚಾಂಗ ಇನ್ನೂ ಕೆಟ್ಟದು. ತಿಥಿ ಮುಗಿಯುವ ನಿಮಿಷವನ್ನೂ ಹೇಳುತ್ತದೆ, ಇಂದು ಆಟಿ ಎಷ್ಟು ಎಂದು ಕೇಳಿದರೆ ಸುಮ್ಮನಾಗುತ್ತದೆ. ಗೋಡೆಯದ್ದಕ್ಕೆ ಇರುವ ಗುಣ ಅದಕ್ಕಿಲ್ಲ: ಇಡೀ ತಿಂಗಳು ಒಟ್ಟಿಗೆ ಕಣ್ಣಿಗೆ ಬೀಳುವುದು, ಸಂಕ್ರಮಣದಿಂದ ಬೆರಳಿಟ್ಟು ಎಣಿಸಲು ಬರುವುದು. ಮಕ್ಕಳಿಗೆ ಕಲಿಸಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಮೇ 24ರ ಚೌಕದಲ್ಲಿ 'ಪತ್ತನಾಜೆ' ಎಂದು ಕೆಂಪಕ್ಷರದಲ್ಲಿ ಅಚ್ಚು ಹಾಕುವವರು ಪಕ್ಕದಲ್ಲಿ 'ಬೇಶ 10' ಎಂಬುದನ್ನೂ ಅದೇ ಗಾತ್ರದಲ್ಲಿ ಹಾಕಲಿ, ಅದಕ್ಕೆ ಬೇರೆ ಕಾಗದವೇನೂ ಬೇಡ.