ಗುಣವಾಗುವುದೂ ಕ್ಷಮೆ ಹೊಂದುವುದೂ

ಮಕ್ಕಳೆಡೆಗಿನ ಕಾಮಾಸಕ್ತಿಗೆ ಧರ್ಮಸಭೆ ಕೊಡಿಸಿದ ಚಿಕಿತ್ಸೆಯನ್ನು ವಿಮರ್ಶಿಸುವವರು ನ್ಯೂ ಮೆಕ್ಸಿಕೋದ ಜೇಮೆಜ್ ಸ್ಪ್ರಿಂಗ್ಸ್‌ನಿಂದಲೇ ಆರಂಭಿಸಬೇಕಾಗುತ್ತದೆ. ಅಲ್ಲಿ 1947ರಲ್ಲಿ ಫಾದರ್ ಜೆರಾಲ್ಡ್ ಫಿಟ್ಜ್‌ಜೆರಾಲ್ಡರು ಸಂಕಟದಲ್ಲಿದ್ದ ಗುರುಗಳಿಗಾಗಿ, ಮುಖ್ಯವಾಗಿ ಮದ್ಯವ್ಯಸನಿಗಳಿಗಾಗಿ, ಆಶ್ರಯಧಾಮವನ್ನು ತೆರೆದರು. ಮಕ್ಕಳ ಮೇಲೆ ದೌರ್ಜನ್ಯವೆಸಗಿದವರೂ ಬರತೊಡಗಿದಾಗ, ಇಂಥವರನ್ನು ಮರಳಿ ಸೇವೆಗೆ ಕಳುಹಿಸಬಾರದೆಂದು 1950ರ ದಶಕದಲ್ಲೇ ಧರ್ಮಾಧ್ಯಕ್ಷರಿಗೆ ಬರೆದರು. 1963ರಲ್ಲಿ ಪೋಪ್ ಆರನೇ ಪೌಲರಿಗೂ ಬರೆದರು.

ಈ ಪತ್ರಗಳ ಬಲದಿಂದ ಅವರನ್ನು ಪ್ರವಾದಿಯೆನ್ನುವುದು ಈಗ ರೂಢಿಯಾಗಿದೆ. ನನಗದು ಅರ್ಧಸತ್ಯವೆನಿಸುತ್ತದೆ. ಅವರು ನೆಚ್ಚಿದ್ದು ಪ್ರಾರ್ಥನೆಯನ್ನು, ಮನೋವೈದ್ಯವನ್ನಲ್ಲ. ಅಪರಾಧಿಗಳನ್ನು ದ್ವೀಪವೊಂದರಲ್ಲಿ ಇರಿಸುವುದು ಅವರ ಯೋಜನೆಯಾಗಿತ್ತು. ನ್ಯಾಯಾಲಯಕ್ಕೆ ಅದರಲ್ಲಿ ಎಡೆಯಿರಲಿಲ್ಲ. 1970ರ ದಶಕದಲ್ಲಿ ಧಾಮವು ವೈದ್ಯಕೀಯ ಚಿಕಿತ್ಸೆಗೆ ಹೊರಳಿತು. ಅಲ್ಲಿದ್ದು ಹೋದವರಲ್ಲಿ ಕೆಲವರಿಗೆ ಮತ್ತೆ ಧರ್ಮಕೇಂದ್ರಗಳು ದೊರೆತವು, ಮತ್ತೆ ಮಕ್ಕಳು ನೊಂದರು.

ತಪ್ಪು ಚಿಕಿತ್ಸೆಯದೆಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಇಂದಿನ ಮನೋವೈದ್ಯವು ಇಂಥ ಆಸಕ್ತಿಯನ್ನು ಬೇರುಸಹಿತ ಕೀಳುವ ಭರವಸೆ ನೀಡುವುದಿಲ್ಲ. ಅರಿವು ಮತ್ತು ವರ್ತನೆಯ ಚಿಕಿತ್ಸೆ ಸಂಯಮವನ್ನು ಕಲಿಸುತ್ತದೆ. ಟೆಸ್ಟೋಸ್ಟಿರೋನನ್ನು ತಗ್ಗಿಸುವ ಔಷಧಗಳು ಬಯಕೆಯ ತೀವ್ರತೆಯನ್ನು ಇಳಿಸುತ್ತವೆ, ನಿಲ್ಲಿಸಿದರೆ ಅದು ಮರಳಬಹುದು. 2020ರಲ್ಲಿ ಪ್ರಕಟವಾದ ಸ್ವೀಡನ್ನಿನ ಪ್ರಯೋಗದಲ್ಲಿ, 52 ಪುರುಷರ ಪೈಕಿ ಡೆಗಾರೆಲಿಕ್ಸ್ ಪಡೆದವರಲ್ಲಿ ಎರಡೇ ವಾರಗಳಲ್ಲಿ ಅಪಾಯದ ಲಕ್ಷಣಗಳು ತಗ್ಗಿದವು. ಅಳೆದದ್ದು ಅಪಾಯವನ್ನು, ಪಾವಿತ್ರ್ಯವನ್ನಲ್ಲ. ಆ ವರದಿಗಳನ್ನು ಪಾಪವಿಮೋಚನೆಯ ಪತ್ರಗಳಂತೆ ಓದಿದವರು ನಾವು. ಪಶ್ಚಾತ್ತಾಪಪಟ್ಟವನಿಗೆ ಕ್ಷಮೆಯುಂಟು ಎಂಬ ಸತ್ಯದಿಂದ ಅವನಿಗೆ ಅದೇ ಪೀಠ ಸಲ್ಲಬೇಕೆಂಬ ತೀರ್ಮಾನಕ್ಕೆ ನೆಗೆದೆವು. ನಡುವಿನ ಕಂದಕದಲ್ಲಿ ಬಿದ್ದವರು ಮಕ್ಕಳು.

2013ರ ಡಿಎಸ್‌ಎಂ-5 ಅಸಹಜ ಆಸಕ್ತಿಯನ್ನೂ ಅಸ್ವಸ್ಥತೆಯನ್ನೂ ಬೇರ್ಪಡಿಸುತ್ತದೆ. ಶೋಧನೆಗೂ ಪಾಪಕ್ಕೂ ಭೇದವನ್ನು ಬಲ್ಲ ನಮಗೆ ಇದು ಹೊಸತಾಗಬಾರದು. ಯಾರನ್ನೂ ಮುಟ್ಟದೆ, ಭಯದಿಂದ ಬಳಲಿ ಗುರುವಿನ ಬಳಿ ಬರುವವನನ್ನು ಅಟ್ಟದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಅಪರಾಧವೆಸಗಿದವನ ವಿಷಯ ಬೇರೆ. ಕೆನಡಾದ ಹ್ಯಾಮಿಲ್ಟನ್‌ನಲ್ಲಿ 1994ರಲ್ಲಿ ಮೆನ್ನೊನೈಟ್ ಪಾಲಕರೊಬ್ಬರು ಸೆರೆಮನೆಯಿಂದ ಬಿಡುಗಡೆಯಾದ ಅಂಥವನೊಬ್ಬನ ಸುತ್ತ ಸ್ವಯಂಸೇವಕರ ವಲಯವನ್ನು ಕಟ್ಟಿದರು: ಗೆಳೆತನವೂ ಉಂಟು, ಕಾವಲೂ ಉಂಟು. ಅದಕ್ಕೆ ಮುನ್ನ ಶಿಕ್ಷೆಯಾಗಿತ್ತೆಂಬುದನ್ನು ಮರೆಯಬಾರದು. ನಮ್ಮಲ್ಲಿಯೂ 2012ರ ಪೋಕ್ಸೊ ಕಾಯಿದೆಯ 19ನೆಯ ಕಲಮು ವಿಷಯ ತಿಳಿದವರೆಲ್ಲರೂ ಪೊಲೀಸರಿಗೆ ತಿಳಿಸಬೇಕೆನ್ನುತ್ತದೆ. ವೈದ್ಯರಲ್ಲಿಗೆ ಕಳುಹಿಸಿದ್ದೇವೆ ಎಂಬ ಉತ್ತರ ಅಲ್ಲಿ ಸಾಲದು.